ಜನವರಿಯಲ್ಲೇ ರಾಬಿನ್ ಕಂಡರೆ ಅದನ್ನು ‘ಮೊದಲ ರಾಬಿನ್’ ಎಂದು ಬರೆಯಬಹುದೇ?

ಪ್ರಶ್ನೆ: ನಾವಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಚಳಿಗಾಲಕ್ಕೆ ದಕ್ಷಿಣಕ್ಕೆ ವಲಸೆ ಹೋಗಿ ವಸಂತದಲ್ಲಿ ಮರಳುವ ರಾಬಿನ್ ಹಕ್ಕಿ ಮೊದಲು ಕಂಡ ದಿನ ಬರೆದು ತರಲು ಮಗಳ ಶಾಲೆಯಲ್ಲಿ ಹೇಳಿದ್ದಾರೆ. ಆದರೆ ಜನವರಿಯ ಹಿಮದಲ್ಲೇ ಬೀದಿಯ ಮರವೊಂದರಲ್ಲಿ ದೊಡ್ಡ ಗುಂಪೇ ಕೂತಿತ್ತು. ಯಾವುದನ್ನು ಮೊದಲನೆಯದು ಅನ್ನಬೇಕು?

ಉತ್ತರ: ಆ ಗುಂಪನ್ನೂ ಬರೆದಿಡಿ, ಆದರೆ ವಲಸೆಯ ಲೆಕ್ಕಕ್ಕೆ ಸೇರಿಸಬೇಡಿ. ಅಮೆರಿಕನ್ ರಾಬಿನ್‌ಗಳೆಲ್ಲ ದಕ್ಷಿಣಕ್ಕೆ ಹೋಗುವುದಿಲ್ಲ. ಅವನ್ನು ಓಡಿಸುವುದು ಚಳಿಗಿಂತ ಹೆಚ್ಚಾಗಿ ಹಸಿವು. ಕ್ರ್ಯಾಬ್‌ಆಪಲ್, ಜೂನಿಪರ್ ಹಣ್ಣುಗಳು ಮರದಲ್ಲಿ ಉಳಿದಿದ್ದರೆ ಕೆಲವು ಅಲ್ಲೇ ಚಳಿಗಾಲ ಕಳೆಯುತ್ತವೆ. ಹಣ್ಣು ಮುಗಿದ ಮೇಲೆ ಗುಂಪು ಬೇರೆ ಕಡೆ ಹೋಗುತ್ತದೆ.

ವಸಂತದ ಹಕ್ಕಿಯನ್ನು ನಡವಳಿಕೆಯಿಂದ ಗುರುತಿಸಬೇಕು. ಸರಾಸರಿ ಉಷ್ಣತೆ ಸುಮಾರು 3 ಡಿಗ್ರಿ ಸೆಲ್ಸಿಯಸ್‌ಗೆ ಏರಿ ನೆಲ ಕರಗಿದಾಗ ಎರೆಹುಳು ಮೇಲೆ ಬರುತ್ತವೆ. ರಾಬಿನ್‌ಗಳು ಮರ ಬಿಟ್ಟು ಹುಲ್ಲುಹಾಸಿಗೆ ಇಳಿಯುತ್ತವೆ. ನಾಲ್ಕು ಹೆಜ್ಜೆ ಓಡುವುದು, ಗಕ್ಕನೆ ನಿಲ್ಲುವುದು, ತಲೆ ಓರೆ ಮಾಡಿ ನೆಲ ನೋಡುವುದು, ಹುಳುವನ್ನು ಎಳೆದು ತೆಗೆಯುವುದು: ಇದನ್ನು ಒಮ್ಮೆ ಕಂಡವರಿಗೆ ಮತ್ತೆ ಅನುಮಾನ ಬರುವುದಿಲ್ಲ. ಚಳಿಗಾಲದಲ್ಲಿ ಒಂದೇ ಮರದಲ್ಲಿ ಒಗ್ಗಟ್ಟಾಗಿ ತಿನ್ನುತ್ತಿದ್ದವು ಈಗ ಚದುರಿ, ಒಂದನ್ನೊಂದು ಅಟ್ಟತೊಡಗುತ್ತವೆ.

ಎಲ್ಲಕ್ಕಿಂತ ನಂಬಿಕೆಯ ಗುರುತು ಹಾಡು. ಗಂಡುಗಳು ಮೊದಲು ಬಂದು ಜಾಗ ಹಿಡಿಯುತ್ತವೆ, ಹೆಣ್ಣುಗಳು ಆಮೇಲೆ ಬರುತ್ತವೆ. ಸೂರ್ಯ ಹುಟ್ಟುವ ಮೊದಲೇ ಏರಿಳಿವ ಸಿಳ್ಳೆಗಳನ್ನು ಸಾಲಾಗಿ ಪೋಣಿಸಿದಂತೆ ಕೇಳಿದರೆ ಆ ದಿನಾಂಕ ಬರೆದುಕೊಳ್ಳಿ. ಬಿಡಿಬಿಡಿಯಾದ ‘ಟಟ್ ಟಟ್’ ಎಚ್ಚರಿಕೆಯ ಕೂಗು, ಹಾಡಲ್ಲ. ಅದನ್ನು ಚಳಿಗಾಲದಲ್ಲೂ ಕೇಳಬಹುದು. ಸ್ವಯಂಸೇವಕರಿಂದ 1994ರಿಂದ ಇಂಥ ಮಾಹಿತಿ ಕೂಡಿಸುತ್ತಿರುವ ಜರ್ನಿ ನಾರ್ತ್ ಯೋಜನೆ ಮೊದಲ ನೋಟ, ಮೊದಲ ಹಾಡುಗಳನ್ನು ಬೇರೆ ಬೇರೆಯಾಗಿ ಕೇಳುವುದು ಇದಕ್ಕೇ.

ಇನ್ನು ಹೆಚ್ಚಿನವರು ಎಡವುವ ಜಾಗ. ‘ಮೊದಲ ದಿನ’ ಹಕ್ಕಿಯನ್ನಷ್ಟೇ ಅಲ್ಲ, ನೋಡುವವರನ್ನೂ ಅವಲಂಬಿಸಿದೆ. ಶನಿವಾರ, ಭಾನುವಾರ ಮಾತ್ರ ಹೊರಗೆ ಬರುವವರಿಗೆ ಹಕ್ಕಿಯೂ ವಾರಾಂತ್ಯದಲ್ಲೇ ಬಂದಂತೆ ಕಾಣುತ್ತದೆ. ನೋಡುವ ಕಣ್ಣು ಹೆಚ್ಚಾದಷ್ಟೂ ಮೊದಲ ದಿನಾಂಕ ಹಿಂದಕ್ಕೆ ಸರಿಯುತ್ತದೆ, ಹಕ್ಕಿ ಬೇಗ ಬಂದಿರದಿದ್ದರೂ. ಇದಕ್ಕೆ ಮದ್ದು ಸೊನ್ನೆ. ಫೆಬ್ರವರಿ ಮಧ್ಯದಿಂದ ದಿನವೂ ಒಂದೇ ಜಾಗದಲ್ಲಿ, ಬೆಳಗಿನ ಒಂದೇ ಹೊತ್ತಿಗೆ ಹತ್ತು ನಿಮಿಷ ನಿಲ್ಲಿ. ಕಾಣದ ದಿನ ‘0’ ಬರೆಯಿರಿ, ಖಾಲಿ ಬಿಡಬೇಡಿ. ಕಂಡ ದಿನ ಎಷ್ಟು, ನೆಲದ ಮೇಲೋ ಮರದಲ್ಲೋ, ಹಾಡಿತೋ ಇಲ್ಲವೋ, ಹಿಮ ಇತ್ತೋ, ಉಷ್ಣತೆ ಎಷ್ಟು ಎಂದು ಬರೆಯಿರಿ. ಹತ್ತು ದಿನದ ಸೊನ್ನೆಯ ನಂತರ ಬಂದ ‘2’ಕ್ಕೆ ಇರುವ ಬೆಲೆ ಒಂಟಿ ದಿನಾಂಕಕ್ಕಿಲ್ಲ.

ಹಕ್ಕಿ ನೋಡುವವರು ತಮ್ಮ ಪಟ್ಟಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವುದಾದರೆ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಸೇರಿಸಿ, ಪಟ್ಟಿ ಪೂರ್ಣವೇ ಎಂಬ ಪ್ರಶ್ನೆಗೆ ಹೌದು ಎನ್ನಿ. ಆಗ ಪಟ್ಟಿಯಲ್ಲಿಲ್ಲದ ರಾಬಿನ್ ಕೂಡ ಮಾಹಿತಿಯಾಗುತ್ತದೆ. ‘ಇತ್ತು’ ಎಂಬ ಗುರುತಿಗಿಂತ ಅಂದಾಜು ಸಂಖ್ಯೆಯೇ ಮೇಲು.

ಇಷ್ಟು ಶ್ರದ್ಧೆ ಏಕೆ ಬೇಕೆಂದರೆ, ದೀರ್ಘಕಾಲದ ದಾಖಲೆಗಳಲ್ಲಿ ದೊಡ್ಡ ಬದಲಾವಣೆ ಕಂಡಿದೆ. ಕೊಲರಾಡೊದ ಬೆಟ್ಟಗಳಲ್ಲಿರುವ ಗಾಥಿಕ್‌ನಲ್ಲಿ 1981ಕ್ಕೆ ಹೋಲಿಸಿದರೆ 1999ರಲ್ಲಿ ರಾಬಿನ್‌ಗಳು 14 ದಿನ ಮೊದಲೇ ಬಂದಿದ್ದವು, ನೆಲದ ಹಿಮ ಮಾತ್ರ ಬೇಗ ಕರಗಿರಲಿಲ್ಲ. ಕೆನಡಾದ ಆಲ್ಬರ್ಟಾದಲ್ಲಿ ಸ್ಲೇವ್ ಲೇಕ್ ಬಳಿ ಹಾದುಹೋಗುವ ರಾಬಿನ್‌ಗಳ ವಲಸೆ 1994ರಿಂದ ದಶಕಕ್ಕೆ ಸುಮಾರು 5 ದಿನದಂತೆ ಮುಂಚಿತವಾಗಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಕರ್ನಾಟಕದಲ್ಲಿ ಇದೇ ಕೆಲಸ ಮಾಡಬೇಕೆನ್ನುವವರಿಗೆ ಬೂದು ಕುಂಡೆಕುಸ್ಕ ಒಳ್ಳೆಯ ಆಯ್ಕೆ. ಮರಿ ಮಾಡಲು ಹಿಮಾಲಯ ಮತ್ತು ಅದರಾಚೆಗೆ ಹೋಗುವ ಈ ಹಕ್ಕಿ ಬೇಸಿಗೆಯಲ್ಲಿ ಇಲ್ಲಿ ಉಳಿಯುವುದಿಲ್ಲ. ಹಾಗಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಳ್ಳದ ಬದಿಗೆ ಮರಳಿದಾಗ ರಾಬಿನ್‌ನಷ್ಟು ಗೊಂದಲವಿಲ್ಲ. ಸೊನ್ನೆ ಬರೆಯುವ ನಿಯಮ ಮಾತ್ರ ಅಲ್ಲಿಯೂ ಅದೇ, ಜುಲೈ ಕೊನೆಯಿಂದಲೇ ಶುರು ಮಾಡಿ.