93 ಅಂಕ ಬಂದರೂ ಎ2 ಏಕೆ?

ಪ್ರಶ್ನೆ: ನನ್ನ ಮಗಳು ಸಿಬಿಎಸ್‌ಇ ಹತ್ತನೇ ತರಗತಿ ಮುಗಿಸಿದ್ದಾಳೆ. ಸಮಾಜ ವಿಜ್ಞಾನದಲ್ಲಿ 93 ಅಂಕಕ್ಕೆ ಎ2 ಬಂದಿದೆ, ಗಣಿತದಲ್ಲಿ 90ಕ್ಕೇ ಎ1 ಇದೆ. ಅಂಕಪಟ್ಟಿ ತಪ್ಪಾಗಿದೆಯೇ? ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲೇ?

ತಪ್ಪಾಗಿಲ್ಲ. ಗ್ರೇಡ್ ನೋಡಿ ಅರ್ಜಿ ಹಾಕಬೇಡಿ. ಫಲಿತಾಂಶ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ ಕೊಡುತ್ತೇನೆ. ಆದರೂ ‘91 ದಾಟಿದರೆ ಎ1’ ಎಂಬ ನಂಬಿಕೆ ಮಾತ್ರ ಅಲುಗಾಡುವುದಿಲ್ಲ. ಆದ್ದರಿಂದ ಈ ಬಾರಿ ಬೇರಿನಿಂದಲೇ ಶುರು ಮಾಡುತ್ತೇನೆ.

ಆ ನಂಬಿಕೆ ಒಂದು ಕಾಲಕ್ಕೆ ನಿಜವಾಗಿತ್ತು. 2009ರಲ್ಲಿ ಬಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ 91ರಿಂದ 100ರವರೆಗೆ ಎ1, 81ರಿಂದ 90ರವರೆಗೆ ಎ2 ಎಂದು ಗೆರೆ ಎಳೆದಿದ್ದರು. 2018ರಲ್ಲಿ ಬೋರ್ಡ್ ಪರೀಕ್ಷೆ ಎಲ್ಲರಿಗೂ ಮತ್ತೆ ಕಡ್ಡಾಯವಾದಾಗ ಆ ವ್ಯವಸ್ಥೆಯೊಂದಿಗೆ ಆ ಗೆರೆಗಳೂ ಹೋದವು. ಆದರೆ ಅಕ್ಷರಗಳು ಅವೇ ಉಳಿದುಕೊಂಡವು. ಗೊಂದಲದ ಮೂಲ ಇಲ್ಲಿದೆ. ಸಾಲದ್ದಕ್ಕೆ, ಕೆಳ ತರಗತಿಗಳ ಪ್ರಗತಿ ಪತ್ರದ ಹಿಂಬದಿಯಲ್ಲಿ ಹಳೆಯ ಪಟ್ಟಿಯನ್ನು ಇನ್ನೂ ಮುದ್ರಿಸುವ ಶಾಲೆಗಳಿವೆ. ಒಂಬತ್ತನೇ ತರಗತಿಯವರೆಗೆ ಅದನ್ನೇ ನೋಡಿದ ಪೋಷಕರು ಹತ್ತರಲ್ಲಿ ಅದನ್ನೇ ಹುಡುಕುವುದು ಸಹಜ.

ಈಗಿನ ಕ್ರಮ ಬೇರೆ. ಒಂದು ವಿಷಯದಲ್ಲಿ ಉತ್ತೀರ್ಣರಾದವರೆಲ್ಲರನ್ನೂ ಅಂಕದ ಇಳಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ನಿಮ್ಮ ಶಾಲೆಯವರನ್ನಷ್ಟೇ ಅಲ್ಲ, ಬೋರ್ಡಿನ ಎಲ್ಲ ಶಾಲೆಗಳವರನ್ನೂ. ಆ ಸಾಲನ್ನು ಎಂಟು ಪಾಲು ಮಾಡುತ್ತಾರೆ. ಮೊದಲ ಪಾಲಿಗೆ ಎ1, ಎರಡನೆಯದಕ್ಕೆ ಎ2, ಹೀಗೆ ಇಳಿಯುತ್ತಾ ಕೊನೆಯ ಪಾಲಿಗೆ ಡಿ2. ಒಂದೇ ಅಂಕ ಪಡೆದವರನ್ನು ಎರಡು ಗ್ರೇಡ್‌ಗಳಿಗೆ ಹರಿದು ಹಂಚುವಂತಿಲ್ಲವಾದ್ದರಿಂದ ಪಾಲುಗಳು ತುಸು ಹೆಚ್ಚು ಕಡಿಮೆಯಾಗುತ್ತವೆ, ಅಷ್ಟೇ.

ಲೆಕ್ಕ ಹಾಕಿ ನೋಡಿ. 800 ಜನ ಉತ್ತೀರ್ಣರಾದರು ಎಂದುಕೊಳ್ಳಿ. ಎ1 ಸಿಗುವುದು ಮೊದಲ 100 ಜನರಿಗೆ. ಪ್ರಶ್ನೆಪತ್ರಿಕೆ ಸುಲಭವಿದ್ದು ನೂರನೆಯವರೇ 95 ತೆಗೆದಿದ್ದರೆ 93ಕ್ಕೆ ಎ2 ಆಯಿತು. ಪತ್ರಿಕೆ ಕಠಿಣವಿದ್ದು ನೂರನೆಯವರು 88ಕ್ಕೆ ನಿಂತಿದ್ದರೆ 90ಕ್ಕೆ ಎ1 ಬಂತು. ನಿಮ್ಮ ಮಗಳ ಎರಡು ಗ್ರೇಡ್‌ಗಳ ಗುಟ್ಟು ಇದೇ. ಅವಳು ಎಷ್ಟು ಬರೆದಳು ಎಂಬುದನ್ನು ಅಂಕ ಹೇಳುತ್ತದೆ, ಸಾಲಿನಲ್ಲಿ ಎಲ್ಲಿ ನಿಂತಿದ್ದಾಳೆ ಎಂಬುದನ್ನು ಗ್ರೇಡ್ ಹೇಳುತ್ತದೆ. ಈ ವ್ಯತ್ಯಾಸವನ್ನು ನನ್ನ ವಿದ್ಯಾರ್ಥಿಗಳು ಒಂದೇ ಪಾಠದಲ್ಲಿ ಹಿಡಿದಿದ್ದಾರೆ. ಮನೆಯಲ್ಲಿ ಅವರೇ ವಿವರಿಸಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ‘ಡಿ’ ಕಂಡೊಡನೆ ಮಕ್ಕಳನ್ನು ಬೈಯಬೇಡಿ. ಡಿ2 ಕೂಡ ಉತ್ತೀರ್ಣರ ಸಾಲಿನಲ್ಲೇ ಇರುವ ಗ್ರೇಡ್. 33 ಅಂಕ ಮುಟ್ಟದವರಿಗೆ ಬರುವುದು ‘ಇ’.

ಮರುಮೌಲ್ಯಮಾಪನ ಇರುವುದು ಅಂಕದ ಬಗ್ಗೆ ಅನುಮಾನವಿದ್ದವರಿಗೆ. 2025ರಿಂದ ಮೊದಲು ಉತ್ತರಪತ್ರಿಕೆಯ ನಕಲು ಪಡೆಯಬಹುದು. ಅದನ್ನು ಮಗಳೊಂದಿಗೆ ಕುಳಿತು ಓದಿ, ಬಳಿಕ ನಿರ್ಧರಿಸಿ. ಅಂಕ ಇಳಿದರೆ ಇಳಿದದ್ದೇ ಅಂತಿಮ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಯಾವುದನ್ನೂ 9.5ರಿಂದ ಗುಣಿಸಬೇಡಿ. ಅಂಕಪಟ್ಟಿಯಲ್ಲಿ ಅಂಕಗಳೇ ಇರದೆ ಗ್ರೇಡ್ ಪಾಯಿಂಟ್ ಮಾತ್ರ ಇದ್ದ ಕಾಲದಲ್ಲಿ ಅಂದಾಜು ಶೇಕಡಾವಾರು ತಿಳಿಯಲು ಮಾಡಿದ ಸೂತ್ರ ಅದು. ಈಗ ಅಂಕಗಳೇ ಕಣ್ಣ ಮುಂದಿವೆ. ಬೋರ್ಡ್ ಒಟ್ಟು ಶೇಕಡಾವಾರನ್ನು ಲೆಕ್ಕ ಹಾಕಿ ಕೊಡುವುದಿಲ್ಲ, ಪ್ರಥಮ ದರ್ಜೆ, ಡಿಸ್ಟಿಂಕ್ಷನ್ ಎಂದೂ ಬರೆಯುವುದಿಲ್ಲ. ಐದಕ್ಕಿಂತ ಹೆಚ್ಚು ವಿಷಯ ಬರೆದಿದ್ದರೆ ಅತ್ಯುತ್ತಮ ಐದು ಯಾವುವು ಎಂದು ತೀರ್ಮಾನಿಸುವುದೂ ಪ್ರವೇಶ ಕೊಡುವ ಕಾಲೇಜೇ. ಪಿಯು ಅರ್ಜಿ ತುಂಬುವ ಮೊದಲು ಆ ಕಾಲೇಜು ಯಾವ ಐದನ್ನು ಲೆಕ್ಕಕ್ಕೆ ಹಿಡಿಯುತ್ತದೆ ಎಂದು ಅಲ್ಲೇ ಕೇಳಿಕೊಳ್ಳಿ.