ಹುಟ್ಟುಹಬ್ಬದ ದಿನವೇ ಕಾರಿನ ಕೀ ಕೊಡಬಹುದಾ?

ಪ್ರಶ್ನೆ: ಮುಂದಿನ ತಿಂಗಳು ಮಗಳಿಗೆ ಲೈಸೆನ್ಸ್ ತೆಗೆದುಕೊಳ್ಳುವ ವಯಸ್ಸಾಗುತ್ತದೆ. ಹುಟ್ಟುಹಬ್ಬಕ್ಕೆ ಬೇರೇನೂ ಬೇಡ, ಕಾರು ಓಡಿಸೋದು ಕಲಿಸಿ ಸಾಕು ಅಂತಾಳೆ. ಎಷ್ಟು ದಿನ ಕಲಿಸಿದರೆ ಅವಳೊಬ್ಬಳನ್ನೇ ಧೈರ್ಯವಾಗಿ ಕಳಿಸಬಹುದು?

ಉತ್ತರ: ಖಂಡಿತ ಕಲಿಸಿ. ಕೇಳಿಕೊಂಡು ಬಂದಿದ್ದಾಳೆ, ಅದಕ್ಕಿಂತ ಒಳ್ಳೆಯ ಸಮಯ ಬೇರೆ ಸಿಗೋದಿಲ್ಲ. ಆದರೆ ದಿನದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಇಡಿ.

ವಯಸ್ಸು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ. ಭಾರತದಲ್ಲಿ 18, ಬ್ರಿಟನ್ನಿನಲ್ಲಿ 17, ಅಮೆರಿಕದ ಹಲವು ರಾಜ್ಯಗಳಲ್ಲಿ 16. ಸ್ವೀಡನ್ನಿನಲ್ಲಿ 16ಕ್ಕೇ ಕಲಿಯಲು ಶುರು ಮಾಡಬಹುದು, ಲೈಸೆನ್ಸ್ ಮಾತ್ರ 18ಕ್ಕೆ. ಜರ್ಮನಿಯಲ್ಲಿ 17ಕ್ಕೆ ಪರೀಕ್ಷೆ ಪಾಸಾಗಿ ಕಾರು ಓಡಿಸಬಹುದು, ಆದರೆ 18 ತುಂಬುವವರೆಗೆ ಅನುಭವ ಇರುವ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 21ರೊಳಗಿನವರು 120 ಗಂಟೆ ಓಡಿಸಿ ಲೆಕ್ಕ ಬರೆದಿಡಬೇಕು. ವಾರಕ್ಕೆ ಮೂರು ಗಂಟೆಯಂತೆ ಓಡಿಸಿದರೂ 40 ವಾರ ಆಯಿತು ನೋಡಿ.

ಇಷ್ಟು ಗಂಟೆ ಯಾಕೆ? ದೊಡ್ಡವರು ಪಕ್ಕದಲ್ಲಿ ಕೂತಿರುವಾಗ ಕಲಿಯುವವರಿಗೆ ಅಪಘಾತ ಆಗುವುದು ತುಂಬಾ ಕಡಿಮೆ. ಲೈಸೆನ್ಸ್ ಬಂದು ಒಬ್ಬರೇ ಓಡಿಸುವ ಮೊದಲ ಕೆಲವು ತಿಂಗಳಲ್ಲೇ ಅಪಾಯ ಜಾಸ್ತಿ. ಇದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ವಿಷಯ. ಕಾರಣ ಯೋಚಿಸಿ. ನೀವು ಪಕ್ಕದಲ್ಲಿದ್ದಾಗ 'ಬಸ್ಸು ನಿಂತಿದೆ, ಅದರ ಮುಂದಿಂದ ಯಾರಾದರೂ ಅಡ್ಡ ಬರಬಹುದು' ಅಂತ ಹೇಳುತ್ತೀರಿ. ಓಡಿಸುವ ಕೆಲಸದ ಅರ್ಧ ಅದೇ. ಸ್ಟೀರಿಂಗ್ ಅವಳ ಕೈಯಲ್ಲಿದ್ದರೂ ಮುಂದಾಗುವುದನ್ನು ನೋಡುತ್ತಿರುವವರು ನೀವು. ನೀವು ಇಳಿದ ದಿನ ಆ ಅರ್ಧವೂ ಇಳಿದು ಹೋಗುತ್ತದೆ.

ಕ್ಲಚ್, ಗೇರು ಕೆಲವೇ ವಾರದಲ್ಲಿ ಬರುತ್ತದೆ. ಖಾಲಿ ಮೈದಾನದಲ್ಲಿ ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್ ಬಿಡುತ್ತಾ ಗಾಡಿ ನಿಧಾನಕ್ಕೆ ಹೊರಡುವ ಹಾಗೆ ಮಾಡಿಸಿ. ಇಪ್ಪತ್ತು ಸಲ ಇಂಜಿನ್ ಆಫ್ ಆಗಲಿ, ಪರವಾಗಿಲ್ಲ. ಕಾಲಿಗೆ ಅದು ಅಭ್ಯಾಸ ಆಗುತ್ತದೆ.

ಕಣ್ಣಿಗೆ ಅಭ್ಯಾಸ ಆಗುವುದು ತಡ. ಹೊಸಬರು ಬಾನೆಟ್ಟಿನ ಮುಂದಿನ ರಸ್ತೆಯನ್ನೇ ದಿಟ್ಟಿಸುತ್ತಾರೆ. ಕನ್ನಡಿ ನೋಡುವುದು ಕಡಿಮೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉಪಾಯ, ಕಂಡದ್ದನ್ನು ಬಾಯಿಬಿಟ್ಟು ಹೇಳಿಸುವುದು. 'ದೂರದಲ್ಲಿ ಸಿಗ್ನಲ್, ಹಸಿರಿದೆ, ತುಂಬ ಹೊತ್ತಾಯಿತು, ಈಗ ಬದಲಾಗಬಹುದು. ಎಡಗಡೆ ನಿಂತ ಕಾರಿನೊಳಗೆ ಯಾರೋ ಇದ್ದಾರೆ, ಬಾಗಿಲು ತೆಗೆಯಬಹುದು.' ಮೊದಮೊದಲು ನಾಚಿಕೆಪಡುತ್ತಾಳೆ. ನೀವು ಓಡಿಸುವಾಗಲೂ ಪಕ್ಕದಲ್ಲಿ ಕೂರಿಸಿ ಹೇಳಿಸಿ. ಏನನ್ನು ಹೇಳುವುದಿಲ್ಲವೋ ಅದು ಅವಳ ಕಣ್ಣಿಗೆ ಬಿದ್ದಿಲ್ಲ ಅಂತ ನಿಮಗೆ ತಕ್ಷಣ ಗೊತ್ತಾಗುತ್ತದೆ.

ಇನ್ನು ವೇಗ. 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಬೇಕು ಅಂದುಕೊಳ್ಳಿ. ಅಷ್ಟರಲ್ಲೇ 25 ಮೀಟರ್ ಮುಗಿಯಿತು. ಆಮೇಲೆ ಬ್ರೇಕ್ ಹಿಡಿದು, ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 20 ಮೀಟರ್. ಅದೇ 30 ಕಿ.ಮೀ. ವೇಗದಲ್ಲಿದ್ದರೆ ಎಲ್ಲ ಸೇರಿ 17–18 ಮೀಟರಿಗೆ ನಿಲ್ಲುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಹೋಗುವ ದೂರ ನಾಲ್ಕರಷ್ಟಾಗುತ್ತದೆ. ಮಳೆ ಬಂದರೆ ಇನ್ನೂ ಜಾಸ್ತಿ. ಇದನ್ನು ಬಾಯಲ್ಲಿ ಹೇಳಿದರೆ ನಾಟುವುದಿಲ್ಲ. ಮೈದಾನದಲ್ಲಿ ಅಳೆದು ಇಬ್ಬರೂ 45 ಮೀಟರ್ ನಡೆಯಿರಿ. ನಡೆದು ಮುಗಿಯುವಷ್ಟರಲ್ಲಿ ಅವಳಿಗೇ ಅರ್ಥವಾಗಿರುತ್ತದೆ. ಫೋನಿನ ಮಾತನ್ನೂ ಅಲ್ಲೇ ಹೇಳಿ. ಎರಡೇ ಸೆಕೆಂಡ್ ಪರದೆ ನೋಡಿದರೆ 33 ಮೀಟರ್ ಕಣ್ಣುಮುಚ್ಚಿ ಓಡಿಸಿದ ಹಾಗೆ.

ನಿಮಗೂ ಒಂದು ಮಾತು. ನನ್ನ ಮಗನಿಗೆ ಕಲಿಸುವಾಗ ಒಮ್ಮೆ 'ಬ್ರೇಕ್!' ಅಂತ ಕಿರುಚಿಬಿಟ್ಟೆ. ಸ್ವಲ್ಪ ನಿಧಾನಿಸಿದ್ದರೆ ಸಾಕಿತ್ತು. ಅವನು ಗಾಬರಿಯಾಗಿ ನಡುರಸ್ತೆಯಲ್ಲೇ ನಿಲ್ಲಿಸಿದ, ಹಿಂದಿನ ಗಾಡಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ತಪ್ಪು ಪೂರ್ತಿ ನನ್ನದು. ಅವತ್ತಿಂದ ಬೇಗ ಹೇಳುತ್ತೇನೆ, ಮೆಲ್ಲಗೆ ಹೇಳುತ್ತೇನೆ. ಮೊದಲು ಜಾಗ, ಆಮೇಲೆ ಕೆಲಸ. 'ಆ ಮರ ದಾಟಿದ ಮೇಲೆ, ಎಡಕ್ಕೆ.'

ಎಷ್ಟು ದಿನಕ್ಕೆ ಒಬ್ಬಳೇ ಹೋಗಬಹುದು ಅಂತ ಕೇಳಿದ್ದೀರಿ. ಲೈಸೆನ್ಸ್ ಬಂದ ಮೇಲೂ ಸ್ವಲ್ಪ ಕಾಲ ಪಕ್ಕದಲ್ಲಿ ಕೂತು ನೋಡಿ. ಗಲಾಟೆಯ ರಸ್ತೆ, ರಾತ್ರಿ, ಮಳೆ, ಹೆದ್ದಾರಿ, ಎಲ್ಲ ಕಡೆಯೂ ನೀವು ಬಾಯಿ ತೆರೆಯುವ ಸಂದರ್ಭವೇ ಬರಲಿಲ್ಲ ಅಂತಾದರೆ, ಒಂದೆರಡು ದಿನ ಅಲ್ಲ, ವಾರಗಟ್ಟಲೆ ಹಾಗಿದ್ದರೆ, ಕಳಿಸಿ. ಮೊದಲು ಹಗಲಲ್ಲಿ, ಗೊತ್ತಿರುವ ದಾರಿಯಲ್ಲಿ. ಸ್ನೇಹಿತರನ್ನು ಹತ್ತಿಸಿಕೊಂಡು ಹೋಗುವುದು ಕೆಲವು ತಿಂಗಳು ಬೇಡವೇ ಬೇಡ. ಹದಿಹರೆಯದವರ ಕಾರಿನಲ್ಲಿ ಅದೇ ವಯಸ್ಸಿನವರು ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ. ದುಡುಕನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ವಯಸ್ಸಾಗಬೇಕು. ಅವಳ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಅದನ್ನೂ ಅವಳಿಗೆ ಬಿಡಿಸಿ ಹೇಳಿ. ನ್ಯೂಜಿಲೆಂಡ್ 1987ರಲ್ಲೇ ಹಂತ ಹಂತದ ಲೈಸೆನ್ಸ್ ಪದ್ಧತಿ ತಂದಿತು. ಅಲ್ಲಿ ಎರಡನೇ ಹಂತದಲ್ಲಿರುವವರು ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ.

ಹುಟ್ಟುಹಬ್ಬದ ದಿನ ಏನು ಮಾಡಬಹುದು? ಕಾರನ್ನು ಒಂದು ಕಡೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ. ಸೀಟು, ಕನ್ನಡಿ ಎಲ್ಲ ಅವಳೇ ಹೊಂದಿಸಿಕೊಳ್ಳಲಿ. ಆಮೇಲೆ ನೀವು ಇಳಿದು ಕಾರಿನ ಸುತ್ತ ನಿಧಾನಕ್ಕೆ ನಡೆಯಿರಿ. ಯಾವ ಕನ್ನಡಿಯಲ್ಲೂ ನೀವು ಕಾಣದ ಜಾಗ ಬಂದ ತಕ್ಷಣ 'ಅಪ್ಪ ಕಾಣ್ತಿಲ್ಲ' ಅಥವಾ 'ಅಮ್ಮ ಕಾಣ್ತಿಲ್ಲ' ಅಂತ ಅವಳು ಕೂಗಲಿ. ಅಲ್ಲೇ ನಿಂತುಕೊಳ್ಳಿ. ಅವಳು ಇಳಿದು ಬಂದು, ನೀವು ನಿಂತ ಜಾಗ ನೋಡಲಿ.