ಆರಿಸಿದರೂ ಆರದ ಕಾವು

ಮುಂಬಯಿ ಕನ್ನಡಿಗರ ನಡುವೆ ಅಣುವಿದ್ಯುತ್ತಿನ ಮಾತೆತ್ತಿದರೆ ಮೊದಲು ಬರುವುದು ವಿಕಿರಣದ ಭಯ. ಅದು ಸಹಜವೇ, ತಾರಾಪುರದ ಅಣುಸ್ಥಾವರ ಇರುವುದು ನೂರು ಕಿಲೋಮೀಟರ್ ಆಚೆ, ಬೊಯಿಸರ್ ಪಕ್ಕದಲ್ಲಿ. ಆದರೆ ಅದರ ಗುಣದೋಷ ಹೆಚ್ಚು ಸ್ಪಷ್ಟವಾಗುವುದು ಬೇರೆ ಎರಡು ಪ್ರಶ್ನೆಗಳಲ್ಲಿ: ಈ ಒಲೆಗೆ ದಿನಕ್ಕೆಷ್ಟು ಸೌದೆ ಬೇಕು? ಆರಿಸಹೊರಟರೆ ಏನಾಗುತ್ತದೆ?

ತಾರಾಪುರದ ಮೂರನೇ, ನಾಲ್ಕನೇ ಘಟಕಗಳು ತಲಾ 540 ಮೆಗಾವಾಟಿನವು. ಒಂದು ಘಟಕ ಇಡೀ ದಿನ ಪೂರ್ಣಶಕ್ತಿಯಲ್ಲಿ ಓಡಿದರೆ ಸುಮಾರು 1.3 ಕೋಟಿ ಯೂನಿಟ್. ಅದಕ್ಕೆ ಹೆಚ್ಚುಕಡಿಮೆ 250 ಕಿಲೋ ಸಹಜ ಯುರೇನಿಯಂ ಸಾಕು, ಅಂದರೆ ಅರ್ಧ ಮೀಟರ್ ಉದ್ದದ ಹತ್ತು ಹದಿನೈದು ಇಂಧನ ಕಟ್ಟುಗಳು. ರಿಯಾಕ್ಟರ್ ಓಡುತ್ತಿರುವಾಗಲೇ ಯಂತ್ರಗಳು ಒಂದು ತುದಿಯಿಂದ ಹೊಸ ಕಟ್ಟನ್ನು ತಳ್ಳಿ ಇನ್ನೊಂದು ತುದಿಯಿಂದ ಹಳೆಯದನ್ನು ತೆಗೆಯುತ್ತವೆ. ಅಷ್ಟೇ ವಿದ್ಯುತ್ತಿಗೆ ದೇಶೀ ಕಲ್ಲಿದ್ದಲಾದರೆ ಯೂನಿಟ್ಟಿಗೆ 650 ಗ್ರಾಂನಂತೆ ಎಂಟು ಸಾವಿರ ಟನ್ನಿಗೂ ಮಿಕ್ಕಿ ಬೇಕು. ದಿನಕ್ಕೆ ಎರಡು ಗೂಡ್ಸ್ ರೈಲು. ಸುಟ್ಟ ಮೇಲೆ ಎರಡೂವರೆ ಸಾವಿರ ಟನ್ ಬೂದಿ. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವವರ ದಾರಿಯಲ್ಲಿ ಎರಡೂ ಬಗೆಯವು ಸಿಗುತ್ತವೆ: ಕಾರವಾರದ ಒಳನಾಡಿನಲ್ಲಿ ಕೈಗಾ, ಉಡುಪಿ ದಾಟಿದ ಮೇಲೆ ಎಲ್ಲೂರಿನ 1,200 ಮೆಗಾವಾಟ್ ಕಲ್ಲಿದ್ದಲು ಸ್ಥಾವರ.

ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿತು. ಓಡುವುದು ಅಣುಸ್ಥಾವರಕ್ಕೆ ಸಲೀಸು, ತೊಡಕಿರುವುದು ನಿಲ್ಲಿಸುವುದರಲ್ಲಿ.

ಒಂದು ಪರಮಾಣು ಒಡೆದಾಗ ಹಾರುವ ನ್ಯೂಟ್ರಾನ್ ಕಣ ಇನ್ನೊಂದನ್ನು ಒಡೆಯುವುದೇ ಸರಪಳಿ ಕ್ರಿಯೆ. ನಿಯಂತ್ರಣ ಸರಳುಗಳು ಇಳಿದೊಡನೆ ಅದು ಸೆಕೆಂಡುಗಳಲ್ಲಿ ನಿಂತುಬಿಡುತ್ತದೆ. ಆದರೆ ಒಡೆದ ಪರಮಾಣುಗಳ ಚೂರುಗಳು ಕ್ಷಯಿಸುತ್ತಾ ಶಾಖ ಹೊಮ್ಮಿಸುತ್ತಲೇ ಇರುತ್ತವೆ. ಆ ಕ್ಷಣದಲ್ಲಿ ಉಳಿಯುವ ಶಾಖ ಪೂರ್ಣ ಶಾಖದ ಶೇ. 6ರಿಂದ 7. 540 ಮೆಗಾವಾಟ್ ವಿದ್ಯುತ್ತಿಗೆ ಅದರ ಮೂರು ಪಟ್ಟಿಗೂ ಮಿಕ್ಕಿ ಶಾಖ ಬೇಕಾಗುವುದರಿಂದ ನಮ್ಮ ಘಟಕದಲ್ಲಿ ಅದು ನೂರು ಮೆಗಾವಾಟಿಗೂ ಹೆಚ್ಚು! ಒಂದು ದಿನ ಕಳೆದರೂ ಅರ್ಧ ಪ್ರತಿಶತದ ಆಸುಪಾಸು. ಅಷ್ಟು ಹೊತ್ತೂ ನೀರು ಹರಿಯುತ್ತಿರಬೇಕು. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಭೂಕಂಪಕ್ಕೆ ರಿಯಾಕ್ಟರುಗಳು ಸರಿಯಾಗಿಯೇ ನಿಂತಿದ್ದವು. ಕೆಟ್ಟದ್ದು ಆಮೇಲೆ: ಸುನಾಮಿಯ ನೀರು ಡೀಸೆಲ್ ಜನರೇಟರುಗಳಿಗೆ ನುಗ್ಗಿತು, ಪಂಪುಗಳು ನಿಂತವು, ಇಂಧನ ಕರಗಿತು.

ಇನ್ನೊಂದು ಕಿರಿಕಿರಿ ಕ್ಸೆನಾನ್-135. ಸರಪಳಿ ಕ್ರಿಯೆ ನಡೆಸುವ ನ್ಯೂಟ್ರಾನುಗಳನ್ನು ನುಂಗುವ ಅನಿಲ ಇದು. ರಿಯಾಕ್ಟರ್ ಓಡುವಾಗ ಹುಟ್ಟಿದಷ್ಟೂ ಖರ್ಚಾಗುತ್ತಿರುತ್ತದೆ. ನಿಂತಾಗ ಒಡೆದ ಚೂರುಗಳಲ್ಲೊಂದಾದ ಅಯೋಡಿನ್-135ರಿಂದ ಹುಟ್ಟಿ ಗಂಟೆಗಟ್ಟಲೆ ಏರುತ್ತಲೇ ಹೋಗುತ್ತದೆ. ತಾರಾಪುರದ ಈ ಘಟಕಗಳಂಥ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವ ರಿಯಾಕ್ಟರನ್ನು ಅರ್ಧ ಗಂಟೆಯೊಳಗೆ ಮತ್ತೆ ಎಬ್ಬಿಸದಿದ್ದರೆ ಒಂದೂವರೆ ದಿನ ಕಾಯಬೇಕಾಗಬಹುದು. 2020ರ ಅಕ್ಟೋಬರ್ 12ರಂತೆ ಗ್ರಿಡ್ ಕುಸಿದು ಲೋಕಲ್ ರೈಲುಗಳು ನಿಂತ ದಿನ, ಹೀಗೆ ಮಲಗಿದ ರಿಯಾಕ್ಟರಿಂದ ನೆರವಿಲ್ಲ. ಕೊಯ್ನಾದಂಥ ಜಲವಿದ್ಯುತ್ ಯಂತ್ರಗಳು ನಿಮಿಷಗಳಲ್ಲಿ ಏಳುತ್ತವೆ.

ಸೌರವಿದ್ಯುತ್ ಅಗ್ಗ, ನಿಲ್ಲಿಸಿದರೂ ಅಪಾಯವಿಲ್ಲ. ಆದರೆ ವರ್ಷದ ಲೆಕ್ಕದಲ್ಲಿ 540ರ ಒಂದು ಘಟಕಕ್ಕೆ ಸಾಟಿಯಾಗಲು ಎರಡು ಸಾವಿರ ಮೆಗಾವಾಟಿಗೂ ಹೆಚ್ಚು ಫಲಕ ಬೇಕು, ಸುಮಾರು ಹತ್ತು ಸಾವಿರ ಎಕರೆ. ಕೊಂಕಣದ ಮಳೆಗಾಲ ಬೇರೆ ಇದೆ, ರಾತ್ರಿಗೆ ಬ್ಯಾಟರಿ ಬೇರೆ.

ತ್ಯಾಜ್ಯದ ಗಾತ್ರ ಚಿಕ್ಕದು, ಆಯುಷ್ಯ ದೊಡ್ಡದು. ತಾರಾಪುರದಲ್ಲಿ ತೀವ್ರ ವಿಕಿರಣದ ದ್ರವವನ್ನು ಗಾಜಿನಲ್ಲಿ ಬೆಸೆದು ಇಡುತ್ತಾರೆ. ನೆಲದಾಳದ ಶಾಶ್ವತ ಗೋದಾಮು ನಮ್ಮಲ್ಲಿ ಇನ್ನೂ ಇಲ್ಲ.

ನನ್ನನ್ನು ಕೇಳಿದರೆ ಅಣುವಿದ್ಯುತ್ತಿನ ದೊಡ್ಡ ದೋಷ ಕಾಲ ಮತ್ತು ಹಣ. ತಾರಾಪುರದ ನಾಲ್ಕನೇ ಘಟಕ 2000ದಲ್ಲಿ ಶುರುವಾಗಿ 2005ಕ್ಕೆ ಮುಗಿಯಿತು, ನಿಜ. ಫ್ರಾನ್ಸಿನ ಫ್ಲಾಮನ್‌ವಿಲ್ ಘಟಕಕ್ಕೆ 2007ರಲ್ಲಿ ಅಡಿಪಾಯ ಬಿತ್ತು. ಗ್ರಿಡ್ಡಿಗೆ ಸೇರಿದ್ದು 2024ರ ಡಿಸೆಂಬರಿನಲ್ಲಿ, ವೆಚ್ಚ ಅಂದಾಜಿನ ನಾಲ್ಕು ಪಟ್ಟು. ರತ್ನಾಗಿರಿಯ ಜೈತಾಪುರಕ್ಕೆ ಯೋಜಿಸಿರುವುದು ಅದೇ ಮಾದರಿಯ ಆರು. ಅದಕ್ಕಿಂತ ಕೈಗಾದಲ್ಲಿ ಪಳಗಿದ ದೇಶೀ ಭಾರಜಲ ವಿನ್ಯಾಸವನ್ನೇ ಮತ್ತೆ ಮತ್ತೆ ಕಟ್ಟುವುದು ಮೇಲು.